ಮ್ಯೂನಿಕ್‌ನಲ್ಲಿ ಓದುವಾಗ ಸಾಲ್ಸ್‌ಬರ್ಗ್‌ಗೆ ಹೋಗಿಬರುವುದು ಹೀಗೆ

ಮ್ಯೂನಿಕ್‌ನಲ್ಲಿ ಮಾಸ್ಟರ್ಸ್ ಓದುವಾಗ ನನಗೆ ತುಂಬ ಹಿಡಿಸಿದ ವಾರಾಂತ್ಯದ ಊರು ಆಸ್ಟ್ರಿಯಾದ ಸಾಲ್ಸ್‌ಬರ್ಗ್. ರೈಲಿನಲ್ಲಿ ಸುಮಾರು ಎರಡು ಗಂಟೆ ಅಷ್ಟೇ.

ಡಾಯ್ಚ್‌ಲ್ಯಾಂಡ್ ಟಿಕೆಟ್ (ಜರ್ಮನಿಯೆಲ್ಲೆಡೆ ನಡೆಯುವ ತಿಂಗಳ ಪಾಸು) ಇದ್ದರೆ ಬೇರೆ ಟಿಕೆಟ್ ಬೇಡ, ಸಾಲ್ಸ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಅದೇ ನಡೆಯುತ್ತದೆ. ಇಲ್ಲದಿದ್ದರೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ರೈಲು ಟಿಕೆಟ್) ತಗೊಳ್ಳಿ. ಒಂದರಲ್ಲೇ 5 ಜನರವರೆಗೆ ಹೋಗಬಹುದು, ಗೆಳೆಯರು ಸೇರಿದಷ್ಟೂ ಖರ್ಚು ಕಡಿಮೆ. ಆದರೆ ಅದು ಒಂದು ದಿನಕ್ಕೆ ಮಾತ್ರ. ರಾತ್ರಿ ಉಳಿದರೆ ವಾಪಸ್ ಬರಲು ಇನ್ನೊಂದು ಬೇಕು. ಎರಡೂ ಟಿಕೆಟ್ ಪ್ರಾದೇಶಿಕ ರೈಲಿಗಷ್ಟೇ. ಸುಮ್ನೆ ಐಸಿಇ ಎಂಬ ವೇಗದ ರೈಲು ಹತ್ತಿ ದಂಡ ಕಟ್ಟಬೇಡಿ.

ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಬ್ಯಾಗಿನಲ್ಲಿರಲಿ. ಬರುವಾಗ ಗಡಿಯ ಹತ್ತಿರ, ಫ್ರೈಲಾಸಿಂಗ್‌ನಲ್ಲಿ, ಪೊಲೀಸರು ರೈಲು ಹತ್ತಿ ತಪಾಸಣೆ ಮಾಡುವುದುಂಟು. ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ.

ನಿಲ್ದಾಣದಿಂದ ಮಿರಾಬೆಲ್ ತೋಟಕ್ಕೆ ನಡೆದೇ ಹೋಗಿ, ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹೊಳೆ ದಾಟಿದರೆ ಗೆಟ್ರೈಡೆಗಾಸೆ ಎಂಬ ಬೀದಿ. ಅಲ್ಲಿ 9ನೇ ನಂಬರಿನ ಹಳದಿ ಮನೆಯಲ್ಲಿ 1756ರಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ್ದು. ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೆಳಿಗ್ಗೆಯೇ ನೋಡಿಬಿಡಿ. 1077ರಲ್ಲಿ ಕಟ್ಟಲು ಶುರುಮಾಡಿದ ಕೋಟೆಗೂ ನಡೆದೇ ಹತ್ತಬಹುದು.

ನನ್ನ ಮಾತು ಕೇಳಿದರೆ, ಕಾಪುಟ್ಸಿನರ್‌ಬೆರ್ಗ್ ಗುಡ್ಡವನ್ನು ಮಾತ್ರ ಬಿಡಬೇಡಿ. ಎದುರಿಗೆ ಕೋಟೆ, ಕೆಳಗೆ ಸಾಲ್ಸಾಖ್ ಹೊಳೆ, ಹಸಿರು ಗುಮ್ಮಟಗಳು. ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿನ್ನುತ್ತಾ ಅಲ್ಲಿ ಒಂದು ಗಂಟೆ ಕೂತಿದ್ದೆ. ಪರೀಕ್ಷೆಯ ಭಾರವೆಲ್ಲ ಇಳಿದ ಹಾಗಾಯಿತು.

ಭಾನುವಾರ ಸೂಪರ್‌ಮಾರ್ಕೆಟ್‌ಗಳು ಹೆಚ್ಚುಕಡಿಮೆ ಎಲ್ಲಾ ಮುಚ್ಚಿರುತ್ತವೆ. ಬ್ರೆಡ್ಡು, ಮೊಸರು, ಹಣ್ಣು ಶನಿವಾರ ಸಂಜೆ 6ರೊಳಗೇ ಕೊಂಡಿಟ್ಟುಕೊಳ್ಳಿ.