ಎಂಟಿಂಚಿನ ಕನ್ನಡಿಯಲ್ಲಿ 2023 ಡಿಜೆಡ್2 ಅಳೆದ ಬಗೆ

ಚಿತ್ರವನ್ನು ಒಂದೊಂದೇ ಸಾಲಾಗಿ ಓದುವ ರೋಲಿಂಗ್ ಶಟರ್ ಕ್ಯಾಮೆರಾ, ಅದೂ ಎಂಟಿಂಚಿನ ನ್ಯೂಟೋನಿಯನ್ ದೂರದರ್ಶಕ ಇಟ್ಟುಕೊಂಡು ಭೂಮಿಯ ಪಕ್ಕದಲ್ಲೇ ಹಾಯುವ ಕ್ಷುದ್ರಗ್ರಹದ ಸ್ಥಾನವನ್ನು ಅರ್ಧ ಆರ್ಕ್‌ಸೆಕೆಂಡಿನೊಳಗೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಳೆಯಲಾಗದು ಎಂದವರೇ ಹೆಚ್ಚು. 2023ರ ಮಾರ್ಚ್ 25ರ ರಾತ್ರಿ 2023 ಡಿಜೆಡ್2 ಎಂಬ ಅಂಥದೇ ಕ್ಷುದ್ರಗ್ರಹಕ್ಕೆ ನನ್ನ ರೆಸಿಡ್ಯುಯಲ್, ಅಂದರೆ ಅಳೆದ ಸ್ಥಾನಕ್ಕೂ ಲೆಕ್ಕದ ಸ್ಥಾನಕ್ಕೂ ಇರುವ ಅಂತರ, ಸುಮಾರು 0.4 ಆರ್ಕ್‌ಸೆಕೆಂಡ್ ಬಂತು. ಕನ್ನಡಿ ಅದೇ, ಮೌಂಟ್ ಅದೇ. ಬದಲಾದದ್ದು ಗಡಿಯಾರ.

ಆ ಕಲ್ಲು ನಮ್ಮ ಸಮಯ ನಡುರಾತ್ರಿ ದಾಟಿ ಒಂದೂಕಾಲರ ಸುಮಾರಿಗೆ ಭೂಮಿಗೆ 1,75,000 ಕಿ.ಮೀ. ಹತ್ತಿರ ಬಂದಿತ್ತು, ವೇಗ ಸೆಕೆಂಡಿಗೆ ಏಳೂಮುಕ್ಕಾಲು ಕಿ.ಮೀ. ಅದಕ್ಕೆ ಐದು ಗಂಟೆ ಮೊದಲೇ ಆಕಾಶದಲ್ಲಿ ಸೆಕೆಂಡಿಗೆ ಸುಮಾರು 5 ಆರ್ಕ್‌ಸೆಕೆಂಡ್ ಸರಿಯುತ್ತಿತ್ತು, ತೀರ ಹತ್ತಿರವಿದ್ದಾಗ 9. ಅಂದರೆ ಕಂಪ್ಯೂಟರ್ ಗಡಿಯಾರ ಕಾಲು ಸೆಕೆಂಡ್ ತಪ್ಪಿದರೆ ಉಳಿದೆಲ್ಲ ಶ್ರಮ ನೀರಿಗೆ.

ದುಡ್ಡು ಹಾಳಾಗುವುದು ಇಲ್ಲಿಯೇ. ಯುಎಸ್‌ಬಿ ಜಿಪಿಎಸ್ ಡಾಂಗಲ್ ಕೊಳ್ಳಬೇಡಿ. ಅದು ಸಮಯವನ್ನು ಸಾಲು ಸಾಲಾಗಿ ಕಳಿಸುತ್ತದೆ, ಆ ಸಾಲು ಕಂಪ್ಯೂಟರಿಗೆ ಮುಟ್ಟುವಾಗ ಸೆಕೆಂಡಿನ ಹತ್ತಾರು ಶತಾಂಶ ಕಳೆದಿರುತ್ತದೆ, ಅದೂ ಪ್ರತಿ ಸಲ ಒಂದೇ ಅಳತೆಯಲ್ಲಲ್ಲ. ಪ್ರತಿ ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಮಿಡಿತ ಕೊಡುವ ಪಿಪಿಎಸ್ ಪಿನ್ ಇರುವ ಬಿಡಿ ಜಿಪಿಎಸ್ ಮಾಡ್ಯೂಲ್ ಸಾವಿರ ರೂಪಾಯಿ ಆಸುಪಾಸು. ಆ ಪಿನ್ನಿಗೆ ರೆಸಿಸ್ಟರ್ ಸಮೇತ ಒಂದು ಎಲ್‌ಇಡಿ ಕಟ್ಟಿ ಕ್ಯಾಮೆರಾ ಮುಂದೆ ಮಿನುಗಿಸಿ, 10 ಮಿಲಿಸೆಕೆಂಡ್ ಎಕ್ಸ್‌ಪೋಶರ್ ಕೊಡಿ. ಚಿತ್ರದಲ್ಲಿ ಬೆಳಕಿನ ಪಟ್ಟಿ ಯಾವ ಸಾಲಿನಿಂದ ಶುರುವಾಗುತ್ತದೋ ಆ ಸಾಲಿನ ನಿಖರ ಸಮಯ ಅದು. ಚಿತ್ರದ ಫಿಟ್ಸ್ ಕಡತದ ಹೆಡರಿನಲ್ಲಿ ಸಾಫ್ಟ್‌ವೇರ್ ಬರೆದ ಸಮಯದೊಂದಿಗೆ ಹೋಲಿಸಿದರೆ ಸಾಫ್ಟ್‌ವೇರ್ ಎಷ್ಟು ತಡಮಾಡುತ್ತಿದೆ, ಒಂದೊಂದು ಸಾಲು ಓದಲು ಎಷ್ಟು ಹಿಡಿಯುತ್ತಿದೆ, ಎರಡೂ ಒಟ್ಟಿಗೆ ಸಿಗುತ್ತವೆ. ನನ್ನದರಲ್ಲಿ ಮೇಲಿಂದ ಕೆಳಗೆ 50 ಮಿಲಿಸೆಕೆಂಡ್ ಹತ್ತಿರ. ಎಲ್‌ಇಡಿಯನ್ನು ಟ್ಯೂಬಿನಲ್ಲಿ ಎಲ್ಲಿ ಕೂರಿಸಿದರೆ ಪಟ್ಟಿಯ ಅಂಚು ಚೂಪಾಗುತ್ತದೆ ಎಂಬುದನ್ನು ನೀವೇ ಹುಡುಕಿ, ಅದು ನನ್ನ ಬಳಿಯೇ ಇರಲಿ. ರಿಸೀವರ್ ತಣ್ಣಗಿದ್ದಾಗ ಆನ್ ಮಾಡಿದರೆ ಹದಿಮೂರು ನಿಮಿಷ ಕಾಯಿರಿ: ಜಿಪಿಎಸ್ ಸಮಯಕ್ಕೂ ಯುಟಿಸಿಗೂ (ಜಾಗತಿಕ ಪ್ರಮಾಣ ಸಮಯ) ಇರುವ ಲೀಪ್ ಸೆಕೆಂಡುಗಳ ವ್ಯತ್ಯಾಸದ ಮಾಹಿತಿ ಬರುವ ತನಕ ಅದು ಹೇಳುವ ಯುಟಿಸಿಯನ್ನು ನಂಬುವಂತಿಲ್ಲ.

ಮುಂದಿನದು ಎಫಿಮರಿಸ್, ಯಾವ ಹೊತ್ತಿಗೆ ಕಲ್ಲು ಆಕಾಶದಲ್ಲಿ ಎಲ್ಲಿರುತ್ತದೆ ಎಂಬ ಪಟ್ಟಿ. ನಾಸಾದ ಹೊರೈಜನ್ಸ್ ಜಾಲಸೇವೆಯಲ್ಲಿ ಭೂಕೇಂದ್ರದಿಂದ ತೆಗೆದ ಪಟ್ಟಿ ಇಷ್ಟು ಹತ್ತಿರದಲ್ಲಿ ಎರಡು ಡಿಗ್ರಿವರೆಗೂ ತಪ್ಪುತ್ತದೆ. ನನ್ನ ಚೌಕಟ್ಟು 48 ಆರ್ಕ್‌ಮಿನಿಟ್ (ಡಿಗ್ರಿಗೆ 60), ಕಲ್ಲು ಅದರೊಳಗೆ ಬರುವುದೇ ಇಲ್ಲ. ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ ಕೊಟ್ಟು ನಿಮಿಷಕ್ಕೊಂದರಂತೆ ತೆಗೆಯಿರಿ. ಆ ದೂರದಲ್ಲಿ ಒಂದು ಕಿಲೋಮೀಟರ್ ತಪ್ಪಿದರೂ ಆರ್ಕ್‌ಸೆಕೆಂಡ್ ಕೈತಪ್ಪಿತು. ಎಕ್ಸ್‌ಪೋಶರ್ ಅರ್ಧ ಸೆಕೆಂಡ್ ಸಾಕು, ಗುರಿ ಅಷ್ಟು ಪ್ರಕಾಶವಿತ್ತು. ಹೆಚ್ಚು ಕೊಟ್ಟು ಕಲ್ಲು ಉದ್ದ ಗೆರೆಯಾದರೆ ಅದರ ನಡುಬಿಂದು ಹುಡುಕುವ ತಲೆನೋವು ಬೇರೆ.

ಅಳತೆಯನ್ನು ಮೈನರ್ ಪ್ಲಾನೆಟ್ ಸೆಂಟರಿಗೆ ಕಳಿಸುವ ವರದಿಯಲ್ಲೂ ಬಲೆಯಿದೆ. ಹಳೆಯ 80 ಕಾಲಂ ನಮೂನೆಯಲ್ಲಿ ದಿನವನ್ನು ಐದು ದಶಾಂಶಕ್ಕೆ ಬರೆದರೆ ಒಂದು ಹೆಜ್ಜೆಯೇ 0.86 ಸೆಕೆಂಡ್, ಅಳತೆ ಎಷ್ಟೇ ಚೊಕ್ಕವಿದ್ದರೂ ಬರೆಯುವಾಗಲೇ ಕೆಡುತ್ತದೆ. ಹೊಸ ನಮೂನೆಯಾದ ಎಡಿಇಎಸ್‌ನಲ್ಲಿ ಸೆಕೆಂಡಿನ ದಶಾಂಶ ಕೊಡಿ.

ತಪ್ಪು ಗಡಿಯಾರದ್ದೋ ಅಳತೆಯದ್ದೋ ಎಂದು ತಿಳಿಯಲು ಕಕ್ಷೆ ಲೆಕ್ಕಹಾಕುವ ಫೈಂಡ್ ಆರ್ಬ್ ತಂತ್ರಾಂಶದಲ್ಲಿ ರೆಸಿಡ್ಯುಯಲ್‌ಗಳನ್ನು ಚಲನೆಯ ದಿಕ್ಕಿಗೆ ಮತ್ತು ಅಡ್ಡಕ್ಕೆ ಬೇರ್ಪಡಿಸಿ ನೋಡಿ. ಅಡ್ಡಕ್ಕೆ ಚಿಕ್ಕದಿದ್ದು ಉದ್ದಕ್ಕೆ ಎಲ್ಲವೂ ಒಂದೇ ಕಡೆ ವಾಲಿದ್ದರೆ ಗಡಿಯಾರವೇ ಕಳ್ಳ. ವೇಗದಿಂದ ಭಾಗಿಸಿದರೆ ಎಷ್ಟು ಸೆಕೆಂಡ್ ಎಂಬುದೂ ಬರುತ್ತದೆ. ಕಲ್ಲು ಸಿಗದ ರಾತ್ರಿ ಜಿಪಿಎಸ್ ಉಪಗ್ರಹಗಳನ್ನೇ ಹಿಡಿದು ಪರೀಕ್ಷಿಸುತ್ತೇನೆ. ಅವುಗಳ ಕಕ್ಷೆ ನಿಖರವಾಗಿ ಗೊತ್ತು, ಓಟ ಸೆಕೆಂಡಿಗೆ ಮೂವತ್ತು ಆರ್ಕ್‌ಸೆಕೆಂಡಿಗೂ ಮೇಲೆ, ಸಣ್ಣ ತಪ್ಪೂ ಎದ್ದು ಕಾಣುತ್ತದೆ.

ಅದೇ ಫ್ರೇಮುಗಳಲ್ಲಿ ಬೆಳಕಿನ ಏರಿಳಿತವನ್ನೂ ಅಳೆಯಹೊರಟೆ. ಈ ಕಲ್ಲು ಆರೂಕಾಲು ನಿಮಿಷಕ್ಕೊಂದು ಸುತ್ತು ತಿರುಗುತ್ತದೆ. ಚೌಕಟ್ಟು ಒಂಬತ್ತು ನಿಮಿಷಕ್ಕೆ ಖಾಲಿಯಾಗುವುದರಿಂದ ಹೋಲಿಕೆಯ ನಕ್ಷತ್ರಗಳು ಪ್ರತಿ ಚೌಕಟ್ಟಿಗೂ ಹೊಸವು. ತುಣುಕುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಇನ್ನೂ ಸಮಾಧಾನ ತಂದಿಲ್ಲ.

2026ರಲ್ಲಿ ಇದು ಬಡಿಯಬಹುದೆಂಬ ಆರಂಭದ ಅನುಮಾನ ಈ ಹಾಯುವಿಕೆಗೆ ಮೊದಲೇ ಬೇರೆಯವರ ಅಳತೆಗಳಿಂದ ಕಳೆದಿತ್ತು, ಅದರ ಕೀರ್ತಿ ನಮಗೆ ಬೇಡ. 2029ರ ಏಪ್ರಿಲ್ 13ರಂದು ಅಪೋಫಿಸ್ ಕ್ಷುದ್ರಗ್ರಹ ತೀರ ಹತ್ತಿರ ಬಂದಾಗ ಓಟ ಸೆಕೆಂಡಿಗೆ 40 ಆರ್ಕ್‌ಸೆಕೆಂಡ್ ಆಸುಪಾಸು. ಅಲ್ಲಿ 10 ಮಿಲಿಸೆಕೆಂಡೇ 0.4 ಆರ್ಕ್‌ಸೆಕೆಂಡ್, ಹಾಗಾಗಿ ಸಾಲುವಾರು ತಿದ್ದುಪಡಿ ಬಿಟ್ಟರೆ ಕೆಲಸ ನಡೆಯದು.