ಕ್ಯಾಂಪಿಗೆ ಒಯ್ಯುವ ಈಜುಕೊಳ: ನೆಲ ಮಟ್ಟ ಮಾಡುವುದರಿಂದ ಮಡಚಿಡುವವರೆಗೆ

ಪುಣೆಯಿಂದ ಪವನಾ, ಮುಳಶಿ ಅಣೆಕಟ್ಟುಗಳ ಕಡೆಗೋ ಮುಂಬೈಯಿಂದ ಕರ್ಜತ್, ಅಲಿಬಾಗ್ ಕಡೆಗೋ ನಾಲ್ಕಾರು ಮನೆಯವರು ಸೇರಿ ಟೆಂಟ್ ಹಾಕಲು ಹೊರಟರೆ ಈಗೀಗ ಡಿಕ್ಕಿಯಲ್ಲಿ ಒಂದು ಮಡಚುವ ಪೂಲೂ ಇರುತ್ತದೆ. ಒಳ್ಳೆಯದೇ. ಹಿನ್ನೀರಿನಲ್ಲಿ ಎರಡನೇ ಹೆಜ್ಜೆಗೆ ಕೆಸರು, ನಾಲ್ಕನೆಯದಕ್ಕೆ ಆಳ. ಮಕ್ಕಳನ್ನು ಅಲ್ಲಿ ಇಳಿಸುವುದಕ್ಕಿಂತ ಎರಡೂವರೆ ಅಡಿ ಎತ್ತರದ ಪೂಲು ಎಷ್ಟೋ ವಾಸಿ. ಆದರೆ ಗಾಳಿ ತುಂಬಿ ನೀರು ಬಿಟ್ಟರೆ ಕೆಲಸ ಮುಗಿಯಿತು ಅಂದುಕೊಂಡರೆ ಪೂಲು ಮೊದಲ ರಾತ್ರಿಯೇ ಒಂದು ಕಡೆ ವಾಲಿ, ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಮುಕ್ಕಾಲು ಪಾಲು ಕೆಲಸ ಇರುವುದು ನೀರು ಬರುವ ಮೊದಲು, ನೆಲದಲ್ಲಿ.

ಎರಡು ದಿನದ ಕ್ಯಾಂಪಿಗೆ ಮೇಲಂಚಿನಲ್ಲಿ ಗಾಳಿಬಳೆ ಇರುವ 8 ಅಡಿ ವ್ಯಾಸ, 30 ಇಂಚು ಎತ್ತರದ ಪೂಲು ಸಾಕು. ಅದು ಹಿಡಿಯುವುದು ಸುಮಾರು 2,400 ಲೀಟರ್. 5,000 ಲೀಟರಿನ ಟ್ಯಾಂಕರ್ ತರಿಸಿದರೆ ಪೂಲು ತುಂಬಿ ಕೈಕಾಲು ತೊಳೆಯಲೂ ಉಳಿಯುತ್ತದೆ. 10 ಅಡಿಯದಕ್ಕೆ ಸುಮಾರು 3,800 ಲೀಟರ್ ಬೇಕು. ಕಬ್ಬಿಣದ ಫ್ರೇಮ್ ಇರುವವು ಗಟ್ಟಿಮುಟ್ಟು, ಆದರೆ ಭಾರ; ವಾರಗಟ್ಟಲೆ ಒಂದೇ ಕಡೆ ಇರುವವರಿಗೆ ಸರಿ. ಅದರ ಕಾಲುಗಳ ಕೆಳಗೆ ಒಂದೊಂದು ಹಲಗೆಯನ್ನು ಮಣ್ಣಿನ ಮಟ್ಟಕ್ಕೇ ಹುಗಿದು ಕೂರಿಸದಿದ್ದರೆ ಕಾಲು ಇಳಿದು ಚೌಕಟ್ಟು ಸೊಟ್ಟಗಾಗುತ್ತದೆ.

ಹೊರಡುವ ಮೊದಲು ಸೊಸೈಟಿಯ ಟೆರೇಸಿನಲ್ಲಿ ಒಮ್ಮೆ ತುಂಬಿಸಿ ನೋಡೋಣ ಅನ್ನುವ ಆಸೆ ಬೇಡ. 60 ಸೆಂ.ಮೀ. ನೀರೆಂದರೆ ಪ್ರತಿ ಚದರ ಮೀಟರಿಗೆ 600 ಕೆ.ಜಿ. ಭಾರ. ಕಟ್ಟಡ ಹೊರಬೇಕಾದ ಭಾರಗಳ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಮನೆಯ ಕೋಣೆಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ.; ಓಡಾಡುವ ತಾರಸಿಗೆ 1.5 ಕಿಲೋನ್ಯೂಟನ್. ಟೆರೇಸಿನಲ್ಲಿ ಗಾಳಿ ತುಂಬಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಅಷ್ಟೇ.

ಜಾಗ ಮತ್ತು ನೆಲ

ಪೂಲು ಟೆಂಟು, ಒಲೆಗಳಿಗಿಂತ ತಗ್ಗಿನ ಕಡೆ ಇರಲಿ. ಬಳೆ ಒಡೆದು ಎರಡೂವರೆ ಟನ್ ನೀರು ಒಮ್ಮೆಲೇ ನುಗ್ಗಿದರೆ ಹಾಸಿಗೆ, ಅಕ್ಕಿಚೀಲ ಎಲ್ಲ ಅದರ ದಾರಿಯಲ್ಲಿರಬಾರದು. ಮರದ ಕೆಳಗೂ ಬೇಡ. ನೆರಳು ಬೇಕಿದ್ದರೆ ಹಸಿರು ಶೇಡ್‌ನೆಟ್ ಕಟ್ಟಿ. ಎಲೆ, ಹಕ್ಕಿಯ ಹಿಕ್ಕೆ ಎರಡೂ ಕ್ಲೋರಿನ್ ತಿನ್ನುತ್ತವೆ.

ನೆಲ ಊರಿಂದೂರಿಗೆ ಬೇರೆ. ಪುಣೆಯ ಸುತ್ತಿನ ಎರೆಮಣ್ಣು ಒಣಗಿದಾಗ ಬಿರುಕು, ನೆನೆದಾಗ ಉಬ್ಬು. ಮಕ್ಕಳು ಎರಚಿದ ನೀರಿಗೇ ಅಂಚಿನ ನೆಲ ಮೆತ್ತಗಾಗಿ ಪೂಲು ಆ ಕಡೆ ವಾಲುತ್ತದೆ. ಅಲ್ಲಿ ಎರಡು ಮೂರು ಇಂಚು ಮುರುಮ್ (ಗರಸು ಮಣ್ಣು) ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ. ಗೋವಾ ಮತ್ತು ಕೊಂಕಣದಲ್ಲಿ ಮುರಕಲ್ಲಿನ ಹರಳು. ಕಣ್ಣಿಗೆ ನುಣ್ಣಗೆ ಕಂಡರೂ ಪೂಲಿನ ಪಿವಿಸಿ ಪ್ಲಾಸ್ಟಿಕ್ಕಿಗೆ ಗರಗಸ. ಜರಡಿ ಹಿಡಿದ ಮರಳು 2–3 ಸೆಂ.ಮೀ. ಹರಡಬೇಕು. ಸಮುದ್ರದಂಡೆಯ ಸಡಿಲ ಮರಳಿನ ಮೇಲೆ ನೇರವಾಗಿ ಇಡಬೇಡಿ, ಅಂಚಿನಿಂದ ಜಾರುತ್ತಲೇ ಇರುತ್ತದೆ. ಜಾಲಿಮುಳ್ಳನ್ನು ಎಲ್ಲರೂ ಆರಿಸುತ್ತಾರೆ, ಜೇಕಿನ ಹುಲ್ಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಗಡ್ಡೆಯಿಂದ ಹೊರಡುವ ಮೊಳಕೆ ಸೂಜಿಯಂತಿದ್ದು ತಾಡಪತ್ರಿ, ಪೂಲಿನ ತಳ ಎರಡನ್ನೂ ತೂತು ಮಾಡಿಕೊಂಡು ಮೇಲೆ ಬರುತ್ತದೆ. ವಾರ ಇಡುವುದಾದರೆ ಜೇಕು ಇರುವ ಜಾಗವನ್ನೇ ಬಿಡಿ.

ನಡುವೆ ಒಂದು ಗೂಟ ಬಡಿದು ಒಂದೂವರೆ ಮೀಟರ್ ಹಗ್ಗದಿಂದ ವೃತ್ತ ಎಳೆಯಿರಿ. 8 ಅಡಿಯ ಪೂಲಿಗೆ ಸುತ್ತ ಒಂದಡಿಯಷ್ಟು ಅಂಚು ಸಿಗುತ್ತದೆ. ಮಟ್ಟ ನೋಡಲು ಗಾರೆಯವರು ಬಳಸುವ ಲೆವೆಲ್ ಪೈಪೇ ಸಾಕು: ಐದಾರು ಮೀಟರ್ ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, ಎದುರುಬದುರಿನ ಗೂಟಗಳಿಗೆ ಎರಡು ತುದಿ ಹಿಡಿದರೆ ನೀರಿನ ಗೆರೆ ಸುಳ್ಳು ಹೇಳುವುದಿಲ್ಲ. ಉದ್ದನೆಯ ಪಟ್ಟಿಯ ಮೇಲಿಟ್ಟ ರಸಮಟ್ಟವೂ ನಡೆಯುತ್ತದೆ. ಒಂದು ಅಂಚಿಂದ ಎದುರಂಚಿಗೆ 2.5 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸರಿಪಡಿಸುವಾಗ ಉಬ್ಬನ್ನು ಕೆತ್ತಿ ತೆಗೆಯಿರಿ, ತಗ್ಗನ್ನು ತುಂಬಬೇಡಿ. ತುಂಬಿದ ಮಣ್ಣು ಎಷ್ಟು ತುಳಿದರೂ ನೀರಿನ ಭಾರಕ್ಕೆ ಮತ್ತೆ ಕುಸಿಯುತ್ತದೆ.

ಅದರ ಮೇಲೆ ಹಳೆಯ ಚಾಪೆ ಅಥವಾ ರಟ್ಟು, ಅದರ ಮೇಲೆ ತಾಡಪತ್ರಿ. ಚುನಾವಣೆ ಮುಗಿದ ಮೇಲೆ ಸಿಗುವ ಫ್ಲೆಕ್ಸ್ ಬ್ಯಾನರೂ ಆದೀತು, ನಾಯಕರ ಮುಖ ಕೆಳಗಾಗಿ ಹಾಸಿ. ತಾಡಪತ್ರಿ, ಹಗ್ಗ, ಕ್ಲಾಂಪುಗಳಿಗೆ ಪುಣೆಯಲ್ಲಿ ರವಿವಾರ ಪೇಠೆಯ ಬೋಹರಿ ಆಳಿ, ವಿದ್ಯುತ್ ಸಾಮಾನಿಗೆ ಮುಂಬೈಯ ಲೋಹಾರ್ ಚಾಳ್ ಒಮ್ಮೆ ಸುತ್ತಿದರೆ ಸಾಕು.

ಗಾಳಿ, ನೀರು

ಬಳೆಗೆ ಗಾಳಿಯನ್ನು ಬೆಳಗಿನ ತಂಪಿನಲ್ಲಿ ತುಂಬುವುದಾದರೆ ಹೆಬ್ಬೆರಳು ಒತ್ತಿದಾಗ ಒಂದಿಷ್ಟು ಒಳಹೋಗುವಷ್ಟೇ ತುಂಬಿ. ಏಪ್ರಿಲ್ ಬಿಸಿಲಿಗೆ ಆ ಗಾಳಿಯೇ ಹಿಗ್ಗಿ ಬಳೆ ಬಿಗಿಯಾಗುತ್ತದೆ. ಮೊದಲೇ ಬಿಗಿ ಮಾಡಿಟ್ಟರೆ ಮಧ್ಯಾಹ್ನ ಹೊಲಿಗೆ ಬಿಡುತ್ತದೆ. ರಾತ್ರಿ ಬಳೆ ಸೊರಗಿದಂತೆ ಕಂಡಿತೆಂದು ಮತ್ತೆ ಊದುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಪಂಪಿನ ಪೈಪುಗಳನ್ನು, ಚರಂಡಿ ಬಿರಡೆಯನ್ನು ನೀರಿಗೆ ಮೊದಲೇ ಬಿಗಿಯಿರಿ. ಆಮೇಲೆ ಮೂರು ಸೆಂ.ಮೀ. ನೀರು ಬಿಟ್ಟು ನಿಲ್ಲಿಸಿ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹತ್ತು ನಿಮಿಷ ಇದು. ಬರಿಗಾಲಲ್ಲಿ ಒಳಗಿಳಿದು, ನಡುವಿನಿಂದ ಅಂಚಿನ ಕಡೆಗೆ ಅಂಗಾಲಿನಿಂದ ಸುಕ್ಕುಗಳನ್ನು ತಳ್ಳುತ್ತಾ ಹೋಗಿ. ಹೊರಗೆ ಇಬ್ಬರು ತಳದ ಅಂಚನ್ನು ಎಳೆದು ಹಿಡಿಯಲಿ. ಕಾಲಿಗೆ ಹರಳು ತಗುಲಿದರೆ ಈಗಲೇ ಎತ್ತಿ ತೆಗೆಯಬೇಕು. ನಾಲ್ಕೂ ದಿಕ್ಕಿನಲ್ಲಿ ಸ್ಕೇಲ್ ಇಟ್ಟು ನೀರಿನ ಆಳ ಅಳೆಯಿರಿ. ಒಂದು ಕಡೆ 1, ಎದುರಿಗೆ 4 ಬಂತೆಂದರೆ ನೆಲ ಮೂರು ಸೆಂ.ಮೀ. ಓರೆ ಇದೆ, ನೀರು ಚೆಲ್ಲಿ ಮತ್ತೆ ಕೆತ್ತಿ. ತುಂಬಿದ ಮೇಲೆ ಸರಿಪಡಿಸಲು ಎರಡೂವರೆ ಟನ್ ಎತ್ತುವವರು ಯಾರು?

ಟ್ಯಾಂಕರಿನವನಿಗೆ ಯಾವಾಗಲೂ ಅವಸರ. ವಾಲ್ವ್ ಅರ್ಧ ಮಾತ್ರ ತೆರೆಯಬೇಕು, ನಡುವೆ ನಿಲ್ಲಿಸಬೇಕು ಎಂದು ಬುಕ್ ಮಾಡುವಾಗಲೇ ಹೇಳಿಡಿ. ಪೈಪಿನ ಬಾಯಿಯನ್ನು ಬಕೆಟಿನೊಳಗೆ ಇಟ್ಟರೆ ಧಾರೆಯ ರಭಸಕ್ಕೆ ತಳ ಮುದುಡುವುದಿಲ್ಲ. ಬಳೆಯ ಬುಡಕ್ಕೆ ಸ್ವಲ್ಪ ಕೆಳಗೆ ನೀರು ನಿಲ್ಲಬೇಕು, ಅಂಚಿನವರೆಗೆ ತುಂಬುವಂತಿಲ್ಲ.

ಬಾವಿ, ಬೋರ್‌ವೆಲ್ ನೀರು ಮುರಕಲ್ಲಿನ ಸೀಮೆಯಲ್ಲಿ ತಿಳಿಯಾಗಿಯೇ ಬಂದು ಕ್ಲೋರಿನ್ ಹಾಕಿದ ಕೂಡಲೇ ಚಹಾದ ಬಣ್ಣಕ್ಕೆ ತಿರುಗುವುದುಂಟು. ಹೆದರಬೇಡಿ, ಕರಗಿದ್ದ ಕಬ್ಬಿಣ ತುಕ್ಕಾಗಿ ಹೊರಬಿತ್ತು, ಅಷ್ಟೇ. ಪಂಪ್ ನಿಲ್ಲಿಸಿ, 2,400 ಲೀಟರಿಗೆ ಸುಮಾರು 60 ಗ್ರಾಂ ಪಟಿಕ (ಇಲ್ಲಿನ ಅಂಗಡಿಗಳಲ್ಲಿ ತುರಟಿ ಎಂದು ಕೇಳಿ) ಕರಗಿಸಿ ಸುತ್ತಲೂ ಸುರಿದು ಮೆಲ್ಲಗೆ ಕದಡಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತಳದ ಮಡ್ಡಿಯನ್ನು ತೆಳು ಪೈಪಿನಿಂದ ಸೈಫನ್ ಮಾಡಿ ತೆಗೆಯಿರಿ. ಪಟಿಕ ನೀರನ್ನು ಹುಳಿ ಮಾಡುತ್ತದೆ, ಆದ್ದರಿಂದ ಆಮೇಲೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡಲೇಬೇಕು.

ಕ್ಲೋರಿನ್ ಲೆಕ್ಕ

1,000 ಲೀಟರಿಗೆ 1 ಗ್ರಾಂ ಶುದ್ಧ ಕ್ಲೋರಿನ್ ಅಂದರೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು). ಪೂಲಿನಲ್ಲಿ 2–3 ಇರಲಿ, 1ಕ್ಕಿಂತ ಕೆಳಗಿಳಿದರೆ ಯಾರೂ ಇಳಿಯಬಾರದು. ಪಿಎಚ್ 7.2ರಿಂದ 7.8, ಅದಕ್ಕಿಂತ ಹೆಚ್ಚಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ, ಕಡಿಮೆಯಾದರೆ ಕಣ್ಣು ಉರಿಯುತ್ತದೆ. ಟೆಸ್ಟ್ ಸ್ಟ್ರಿಪ್ ಬೆಳಿಗ್ಗೆ ಒಂದು, ಸಂಜೆ ಒಂದು.

ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಸುಮಾರು ಶೇ. 30–33. 2,400 ಲೀಟರಿಗೆ 3 ಪಿಪಿಎಂ ಬೇಕೆಂದರೆ ಸುಮಾರು 25 ಗ್ರಾಂ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಅರ್ಧವೂ ಇರಲಿಕ್ಕಿಲ್ಲ, ಹೊಸ ಪೊಟ್ಟಣವೇ ಕೊಳ್ಳಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ, ಉಲ್ಟಾ ಬೇಡ. ಮರದ ಕೋಲಿನಿಂದ ಕಲಸಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಪೂಲಿಗೆ ಸುರಿಯಿರಿ. ಮಡ್ಡಿ ಸುರಿದರೆ ನೀರು ಹಾಲಿನಂತಾಗಿ ಫಿಲ್ಟರ್ ಕಟ್ಟುತ್ತದೆ. ಬಿಸಿಲು ಈ ಕ್ಲೋರಿನನ್ನು ಬೇಗ ಕೊಲ್ಲುವುದರಿಂದ ಹಾಕುವ ಹೊತ್ತು ಸಂಜೆ, ಎಲ್ಲರೂ ಮೇಲೆ ಬಂದ ಮೇಲೆ. ಮರುದಿನ ಇಳಿಯುವ ಮುನ್ನ ಸ್ಟ್ರಿಪ್ ನೋಡಿ.

ಎಸ್‌ಡಿಐಸಿ ಎಂಬ ಕ್ಲೋರಿನ್ ಹರಳು ಇದ್ದರೆ 12–13 ಗ್ರಾಂ ಸಾಕು. ಬಿಸಿಲಿಗೆ ಹೆಚ್ಚು ತಾಳುತ್ತದೆ. ಟಿಸಿಸಿಎ ಎಂಬ ಗಟ್ಟಿ ಕ್ಲೋರಿನ್ ಮಾತ್ರೆಯನ್ನು ತಳಕ್ಕೆ ಎಸೆಯಬೇಡಿ, ಬಿದ್ದಲ್ಲಿ ಪಿವಿಸಿ ಬೆಳ್ಳಗಾಗಿ ಸೆಟೆಯುತ್ತದೆ. ಎಲ್ಲಕ್ಕಿಂತ ಮುಖ್ಯ: ಬ್ಲೀಚಿಂಗ್ ಪುಡಿಯನ್ನು ಈ ಮಾತ್ರೆ, ಹರಳುಗಳ ಜೊತೆ ಎಂದೂ ಬೆರೆಸಬೇಡಿ, ಒಂದೇ ಚಮಚ ಎರಡಕ್ಕೂ ಬೇಡ. ಬೆಂಕಿ ಹತ್ತುತ್ತದೆ, ವಿಷಗಾಳಿ ಏಳುತ್ತದೆ. ಆಸಿಡ್ ಜೊತೆಗೂ ಅಷ್ಟೇ. ಪಿಎಚ್ ಇಳಿದಿದ್ದರೆ ವಾಷಿಂಗ್ ಸೋಡಾ ಒಂದೊಂದೇ ಚಮಚ ಕರಗಿಸಿ ಹಾಕುತ್ತಾ ನೋಡಿ. ಪದೇ ಪದೇ ಏರಿಳಿಯುತ್ತಿದ್ದರೆ ಕ್ಷಾರೀಯತೆ ಕಡಿಮೆ ಎಂದರ್ಥ. ಅಡುಗೆ ಸೋಡಾ 40 ಗ್ರಾಂ ಹಾಕಿದರೆ 2,400 ಲೀಟರಿನಲ್ಲಿ ಅದು 10 ಪಿಪಿಎಂ ಏರುತ್ತದೆ, 80–120ಕ್ಕೆ ತನ್ನಿ.

ಕ್ಲೋರಿನ್ ವಾಸನೆ ಮೂಗಿಗೆ ಬಡಿಯುತ್ತಿದೆ ಎಂದರೆ ಹೆಚ್ಚಾಯಿತು ಎಂದಲ್ಲ, ಸಾಲದು ಎಂದು. ಬೆವರು, ಮೂತ್ರಗಳ ಜೊತೆ ಕೂಡಿ ಖರ್ಚಾದ ಕ್ಲೋರಿನ್ನಿನ ವಾಸನೆ ಅದು. ಆ ಸಂಜೆ 80 ಗ್ರಾಂ ಬ್ಲೀಚಿಂಗ್ ಪುಡಿಯ ತಿಳಿ ಹಾಕಿ 10 ಪಿಪಿಎಂಗೆ ಏರಿಸಿ, 3ಕ್ಕೆ ಇಳಿಯುವವರೆಗೆ ಯಾರನ್ನೂ ಬಿಡಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯುವ ನಮ್ಮ ಅಭ್ಯಾಸವೂ ಕ್ಲೋರಿನ್ನಿಗೆ ಶತ್ರು. ಅಂಚಿನಲ್ಲಿ ಜಿಡ್ಡಿನ ಗೆರೆ ಮೂಡಿದರೆ ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಚ್ಚಿ ಒರೆಸಿ. ಏಣಿಯ ಬುಡದಲ್ಲಿ ಕಾಲು ಅದ್ದಿ ಹತ್ತಲು ಒಂದು ಟಬ್ ಇಟ್ಟರೆ ಅರ್ಧ ಮಣ್ಣು ಅಲ್ಲೇ ಉಳಿಯುತ್ತದೆ.

ಪಂಪು, ಸೋರಿಕೆ

ಗಂಟೆಗೆ 1,250 ಲೀಟರ್ ಎಳೆಯುವ ಸಣ್ಣ ಕಾರ್ಟ್ರಿಡ್ಜ್ ಫಿಲ್ಟರಿನ ಪಂಪಿಗೆ 2,400 ಲೀಟರ್ ಒಂದು ಸುತ್ತು ಬರಲು ಎರಡು ಗಂಟೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಓಡಿಸಿ, ಜನ ಒಳಗಿರುವಾಗ ಬೇಡ. ಶುರು ಮಾಡುವ ಮುನ್ನ ಮೇಲಿನ ಬಿರಡೆ ಸಡಿಲಿಸಿ ನೀರು ಉಕ್ಕುವವರೆಗೆ ಗಾಳಿ ಬಿಡಿ; ಒಣಗಿದ ಪಂಪು ಸುಟ್ಟುಹೋಗುತ್ತದೆ. ಕಾರ್ಟ್ರಿಡ್ಜನ್ನು ಪ್ರತಿ ಸಂಜೆ ಮಡಿಕೆ ಮಡಿಕೆ ಬಿಡಿಸಿ ಪೈಪಿನ ನೀರಲ್ಲಿ ತೊಳೆಯಿರಿ. ವಿದ್ಯುತ್ತು ಜನರೇಟರಿನದಾಗಲಿ, ತೋಟದ ಮನೆಯದಾಗಲಿ, ನಡುವೆ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಜನರೇಟರಿಗೆ ಸರಿಯಾಗಿ ಅರ್ತಿಂಗ್ ಆಗಿರದಿದ್ದರೆ ಅದೂ ಕಾಯುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡು ನೀರು ಎರಚದಷ್ಟು ದೂರ, ನೆಲದಿಂದ ಮೇಲೆ.

ನೀರು ಕಡಿಮೆಯಾಗುತ್ತಿದ್ದರೆ ಸೋರಿಕೆಯೋ ಆವಿಯೋ ಎಂದು ತಿಳಿಯಲು ಒಂದು ಬಕೆಟಿಗೆ ಪೂಲಿನ ಮಟ್ಟಕ್ಕೇ ನೀರು ತುಂಬಿ ಪೂಲಿನೊಳಗೆ ನಿಲ್ಲಿಸಿ. ಮರುದಿನ ಎರಡೂ ಒಂದೇ ಅಳತೆ ಇಳಿದಿದ್ದರೆ ಬಿಸಿಲಿನ ಪಾಲು. ಪೂಲಿನದು ಹೆಚ್ಚು ಇಳಿದಿದ್ದರೆ ತೂತು ಹುಡುಕಿ. ಸೈಕಲ್ ಪಂಕ್ಚರಿನ ರಬ್ಬರ್ ತೇಪೆ ಪಿವಿಸಿಗೆ ಹಿಡಿಯುವುದಿಲ್ಲ. ಪಿವಿಸಿ ತೇಪೆಯನ್ನು ಮೂಲೆ ದುಂಡಗೆ ಕತ್ತರಿಸಿ, ತೂತಿಗಿಂತ ಸುತ್ತ 5 ಸೆಂ.ಮೀ. ದೊಡ್ಡದಾಗಿ, ವಿನೈಲ್ ಅಂಟಿನಿಂದ ಒಣ ಜಾಗಕ್ಕೆ ಹಚ್ಚಿ ಹನ್ನೆರಡು ಗಂಟೆ ಭಾರ ಇಡಿ.

ಕಾವಲು

ನೀರಲ್ಲಿ ಮಕ್ಕಳಿರುವಷ್ಟು ಹೊತ್ತು ಒಬ್ಬರ ಕೆಲಸ ನೋಡುವುದು ಮಾತ್ರ. ಫೋನ್ ಬೇಡ, ಒಲೆ ಬೇಡ, ಅರ್ಧ ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಕೂಸು ಮುಳುಗಲು ಒಂದು ಗೇಣು ನೀರೂ ಬೇಡ, ಸದ್ದೂ ಆಗುವುದಿಲ್ಲ. ರಾತ್ರಿ ಏಣಿ ತೆಗೆದು ಟೆಂಟಿನೊಳಗೆ ಇಡಿ. ಬೆಳಿಗ್ಗೆ ಟಾರ್ಚ್ ಹಿಡಿದು ಹೊದಿಕೆಯ ಮಡಿಕೆ, ತಾಡಪತ್ರಿಯ ಅಂಚು ನೋಡಿಯೇ ಕೈ ಹಾಕಿ. ತಂಪಿಗೆ ಚೇಳು, ಹಾವು ಸೇರಿಕೊಂಡಿರುತ್ತವೆ. ಮಗು ಭೇದಿ ಮಾಡಿಕೊಂಡರೆ ಔಷಧಿ ಲೆಕ್ಕ ಹಾಕುತ್ತಾ ಕೂರಬೇಡಿ, ನೀರೆಲ್ಲ ಚೆಲ್ಲಿ ಪೂಲು ತೊಳೆಯಿರಿ.

ಬಿಚ್ಚುವಾಗ

ಕೊನೆಯ ದಿನ ಕ್ಲೋರಿನ್ ಹಾಕಬೇಡಿ. ಒಂದು ಬಿಸಿಲು ಕಂಡರೆ ತಾನಾಗಿ ಇಳಿಯುತ್ತದೆ. ಸ್ಟ್ರಿಪ್ ಸೊನ್ನೆ ತೋರಿಸಿದ ಮೇಲೆ ಬಯಲಿನ ಮಣ್ಣಿಗೆ ನಿಧಾನ ಬಿಡಿ. ಪವನಾದ ನೀರನ್ನು ಪಿಂಪ್ರಿ-ಚಿಂಚ್ವಡದ ಮನೆಮನೆ ಕುಡಿಯುತ್ತದೆ. ಕೆರೆಯ ಕಡೆಗೆ ತೋಡು ತೋಡಿ ಹರಿಸುವುದು ಸಲ್ಲ. ಪೂಲನ್ನು ತುಂಬಿದಂತೆಯೇ ಬಿಟ್ಟು ಮುಂದಿನ ವಾರ ಬರುತ್ತೇವೆ ಅನ್ನುವುದೂ ಬೇಡ, ಎಂಟು ಹತ್ತು ದಿನದಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಬೆಳೆದಿರುತ್ತದೆ.

ಒಳಹೊರಗೆ ಒರೆಸಿ, ನೆರಳಿನಲ್ಲಿ ಹಗ್ಗದ ಮೇಲೆ ಹರವಿ, ಹೊಲಿಗೆಯ ಸಂದುಗಳು ಕೈಗೆ ಒಣಗಿದಂತೆ ತಗುಲುವವರೆಗೆ ಕಾಯಿರಿ. ಮುಂಬೈಯ ಜೂನ್ ತೇವಕ್ಕೆ ಒಂದು ಹಸಿ ಮಡಿಕೆ ಸಾಕು, ಕಪ್ಪು ಬೂಷ್ಟು ಹಿಡಿದು ಅಂಟಿಕೊಳ್ಳುತ್ತದೆ. ಟಾಲ್ಕಂ ಪುಡಿ ಉದುರಿಸಿ, ಹಳೆಯ ಗೆರೆಗಳ ಮೇಲೇ ಅಲ್ಲದೆ ಸಡಿಲವಾಗಿ ಮಡಚಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದರೆ ಇಲಿ ಮೊದಲು ಕಡಿಯುವುದು ಮಡಿಕೆಯ ಮೂಲೆಯನ್ನು, ಬಿಚ್ಚಿದಾಗ ಒಂದೇ ಕಡಿತಕ್ಕೆ ಎಂಟು ತೂತು.