ಕರ್ಪೂರ: ಆರತಿಗೆಷ್ಟು, ಹಯಗ್ರೀವಕ್ಕೆಷ್ಟು, ಮಗುವಿನ ಎದೆಗೆಷ್ಟು?

ನಮ್ಮ ಅಜ್ಜಿಯ ಮನೆಯಲ್ಲಿ ಕರ್ಪೂರದ ಡಬ್ಬಿಗಳು ಎರಡಿದ್ದವು. ಆರತಿಯದು ದೇವರ ಗೂಡಿನಲ್ಲಿ. ಪಚ್ಚಕರ್ಪೂರದ್ದು ಕೇಸರಿ, ಏಲಕ್ಕಿಯ ಜೊತೆ ಮರದ ಪೆಟ್ಟಿಗೆಯಲ್ಲಿ, ಬೀಗದ ಒಳಗೆ. ಬೀಗ ಹಾಕುತ್ತಿದ್ದುದು ಬೆಲೆಗೆ ಹೆದರಿ; ವಿಷಕ್ಕೆ ಹೆದರಿ ಅಲ್ಲ. ಆದರೂ ಆ ಏರ್ಪಾಡು ಸರಿಯಾಗಿಯೇ ಇತ್ತು. ಈಗ ಅದೇ ವಸ್ತು ಆರತಿ ತಟ್ಟೆ, ನೋವಿನ ಮುಲಾಮು, ಮೂಗಿಗೆ ಹಿಡಿಯುವ ಇನ್‌ಹೇಲರ್, ಸೊಳ್ಳೆ ಓಡಿಸುವ ಬಿಲ್ಲೆ, ಹಬ್ಬದ ಸಿಹಿ ಎಲ್ಲದರಲ್ಲೂ ಇದೆ. ಬೀಗ ಮಾತ್ರ ಎಲ್ಲಿಯೂ ಇಲ್ಲ.

ಕರ್ಪೂರದ ವಿಷಯದಲ್ಲಿ ಹೆದರಬೇಕಾದ್ದೂ ಇಲ್ಲ, ಸಲುಗೆಯೂ ಸಲ್ಲದು. ಗ್ರಾಂ ಲೆಕ್ಕ ಗೊತ್ತಿದ್ದರೆ ಸಾಕು. ಆ ಲೆಕ್ಕವನ್ನು ಮನೆಯಲ್ಲೇ ಹಾಕುವುದು ಹೇಗೆಂದು ನೋಡೋಣ.

ಮೊದಲು ಡಬ್ಬಿಗಳನ್ನು ಬೇರೆ ಮಾಡಿ

ಇಂದು ಅಂಗಡಿಯಲ್ಲಿ ಸಿಗುವ ಪೂಜೆಯ ಕರ್ಪೂರ ಬಹುಪಾಲು ಮರದಿಂದ ಇಳಿಸಿದ್ದಲ್ಲ. ಪೈನ್ ಮರದ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಉರಿಸಲು ಅದು ಚೆನ್ನ, ತಿನ್ನಲು ಅಲ್ಲ. ಬಿಲ್ಲೆ ಗಟ್ಟಿಯಾಗಿ ನಿಲ್ಲಲಿ ಎಂದು ಏನು ಬೆರೆಸಿದ್ದಾರೋ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಅಡುಗೆಗೆ ಕೊಳ್ಳುವ ಪಚ್ಚಕರ್ಪೂರದ ಡಬ್ಬಿಯ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಅದಿಲ್ಲದೆ ಗ್ರಂಧಿಗೆ ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಟ್ಟದ್ದನ್ನು, ಅವರು ಎಷ್ಟೇ ಪರಿಚಯದವರಾದರೂ, ಒಲೆಯ ಹತ್ತಿರ ತರಬೇಡಿ. ‘ಹೊಗೆಯಿಲ್ಲದೆ, ಕರಿ ಉಳಿಯದೆ ಉರಿದರೆ ಶುದ್ಧ’ ಎಂಬ ಮಾತಿದೆ. ಬೂದಿಯನ್ನೇ ಉಳಿಸದೆ ಉರಿಯುವುದು ಒಳ್ಳೆಯ ಕರ್ಪೂರದ ಲಕ್ಷಣ ಹೌದು, ಆದರೆ ಅಷ್ಟಕ್ಕೇ ಅದು ಬಾಯಿಗೆ ಹಾಕುವಂಥದ್ದು ಎಂದಾಗುವುದಿಲ್ಲ.

ಇನ್ನೊಂದು ಗೊಂದಲ ಹೆಚ್ಚು ಅಪಾಯದ್ದು. ಬೀರುವಿನ ನುಸಿಗುಳಿಗೆಯೂ (ನ್ಯಾಫ್ತಲೀನ್) ಬಿಳಿ, ಕರ್ಪೂರವೂ ಬಿಳಿ. ಯಾವುದು ಯಾವುದೆಂದು ತಿಳಿಯದ ಚೂರು ಸಿಕ್ಕರೆ ಅಡುಗೆಗೆ ಬಳಸದ ಲೋಟದಲ್ಲಿ ನೀರು ತುಂಬಿ ಅದನ್ನು ಬಿಡಿ. ಕರ್ಪೂರವಾದರೆ ತೇಲುತ್ತದೆ, ನೀರಿನಲ್ಲಿ ಎಣ್ಣೆಯ ಪಸೆ ಇಲ್ಲದಿದ್ದರೆ ಗಿರಗಿರನೆ ತಿರುಗಲೂ ತೊಡಗುತ್ತದೆ. (ಚಿಕ್ಕಂದಿನಲ್ಲಿ ಕಾಗದದ ದೋಣಿಯ ಹಿಂದೆ ಕರ್ಪೂರ ಸಿಕ್ಕಿಸಿ ಓಡಿಸಿದವರಿಗೆ ಈ ಆಟ ನೆನಪಿರಬಹುದು.) ನ್ಯಾಫ್ತಲೀನ್ ಗುಳಿಗೆ ಮುಳುಗುತ್ತದೆ. ರಕ್ತದ ಕೆಂಪುಕಣಗಳನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ನ್ಯಾಫ್ತಲೀನ್ ಆ ಕಣಗಳನ್ನು ಒಡೆದುಹಾಕುತ್ತದೆ. ಎರಡನ್ನೂ ಒಂದೇ ಖಾನೆಯಲ್ಲಿ ಇಡಲೇಬೇಡಿ.

ಸಿಹಿಗೆ ಹಾಕುವಾಗ

ಹಯಗ್ರೀವ, ಲಡ್ಡು, ಸಿಹಿ ಪೊಂಗಲ್, ದೇವಸ್ಥಾನದ ತೀರ್ಥ ಎಲ್ಲಕ್ಕೂ ಪಚ್ಚಕರ್ಪೂರ ‘ಚಿಟಿಕೆ’ಯ ಲೆಕ್ಕ. ಯಾರ ಬೆರಳಿನ ಚಿಟಿಕೆ ಎಂಬುದೇ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಇದಕ್ಕೊಂದು ಗಡಿ ಹಾಕಿತು: ಯಾವ ವಯಸ್ಸಿನವರಾದರೂ ಒಂದು ದಿನದಲ್ಲಿ ಆಹಾರದಿಂದ ಒಳಹೋಗುವ ಕರ್ಪೂರ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಮೀರಬಾರದು. 10 ಕಿಲೋ ತೂಗುವ ಮಗುವಿಗೆ ಅದು 20 ಮಿಲಿಗ್ರಾಂ. 60 ಕಿಲೋದವರಿಗೆ 120.

ಮಿಲಿಗ್ರಾಂ ತೂಗುವ ತಕ್ಕಡಿ ಅಡುಗೆಮನೆಯಲ್ಲಿ ಇರುವುದಿಲ್ಲ. ಹಾಗಾಗಿ ನಾನು ಹೀಗೆ ಮಾಡುತ್ತೇನೆ. ಡಬ್ಬಿಯ ಮೇಲಿನ ತೂಕ ನೋಡಿ ಅಂದಾಜು ಒಂದು ಗ್ರಾಂ ಪಚ್ಚಕರ್ಪೂರ ತೆಗೆದುಕೊಂಡು, ಹತ್ತು ಸಮಚಮಚ ಸಕ್ಕರೆಯೊಂದಿಗೆ ನುಣ್ಣಗೆ ಅರೆಯುತ್ತೇನೆ. ಕರ್ಪೂರವನ್ನು ಒಂದನ್ನೇ ಕುಟ್ಟಿದರೆ ಒರಳಿಗೆ ಮೆತ್ತಿಕೊಳ್ಳುತ್ತದೆ, ಸಕ್ಕರೆಯಿದ್ದರೆ ಪುಡಿಯಾಗುತ್ತದೆ. ಈಗ ಒಂದು ಚಮಚ ಪುಡಿಯಲ್ಲಿ ಸುಮಾರು 100 ಮಿಲಿಗ್ರಾಂ ಕರ್ಪೂರ ಇರುತ್ತದೆ. ಇಪ್ಪತ್ತು ಜನರಿಗಾಗುವ ಹಯಗ್ರೀವಕ್ಕೆ ಒಲೆಯಿಂದ ಇಳಿಸಿದ ಮೇಲೆ ಒಂದೇ ಚಮಚ ಬೆರೆಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 5 ಮಿಲಿಗ್ರಾಂ. ಪರಿಮಳಕ್ಕೆ ಅಷ್ಟು ಧಾರಾಳ ಸಾಕು. ಹೆಚ್ಚಾದರೆ ಹೇಗೂ ಕಹಿ. ಚೆನ್ನಾಗಿ ಕಲಸುವುದು ಮುಖ್ಯ, ಇಲ್ಲವಾದರೆ ಗಂಟು ಯಾರ ಎಲೆಗೆ ಬೀಳುತ್ತದೋ ಅವರಿಗೆ ಎಲ್ಲರ ಪಾಲೂ ಬಿದ್ದ ಹಾಗೆ. ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದಿಡಿ. ಡಬ್ಬಿಗೆ ಕಾಳುಮೆಣಸು ಹಾಕಿದರೆ ಕರ್ಪೂರ ಹಾರಿಹೋಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನನ್ನ ನಂಬಿಕೆ ಮುಚ್ಚಳದ ಮೇಲೆಯೇ.

ಎಣ್ಣೆ ಕಾಯಿಸುವ ಮುಂಚೆ

ಮಗುವಿಗೆ ನೆಗಡಿಯಾದರೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ತಿಕ್ಕುವುದು ನಮ್ಮಲ್ಲಿ ಮನೆಮನೆಯ ಮದ್ದು. ಇಲ್ಲಿಯೂ ಒಂದು ಭಾಗಾಕಾರ ಬೇಕು. ಪೊಟ್ಟಣದ ನಿವ್ವಳ ತೂಕವನ್ನು ಬಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ. 50 ಗ್ರಾಂ ಪೊಟ್ಟಣದಲ್ಲಿ 100 ಬಿಲ್ಲೆಗಳಿದ್ದರೆ ಬಿಲ್ಲೆಗೆ ಅರ್ಧ ಗ್ರಾಂ. 50 ಮಿಲಿಲೀಟರ್ ಎಣ್ಣೆಗೆ ಅಂಥ ಐದು ಬಿಲ್ಲೆ ಹಾಕಿದರೆ ಶೇ 5ರಷ್ಟಾಯಿತು; ‘ಘಾಟಾಗಿರಲಿ’ ಎಂದು ಇಪ್ಪತ್ತು ಹಾಕಿದರೆ ಶೇ 20.

ಈ ಶೇ 20ಕ್ಕೆ ಒಂದು ಕಥೆಯಿದೆ. ಅಮೆರಿಕದಲ್ಲಿ ಅಷ್ಟೇ ಗಾಢತೆಯ ಕರ್ಪೂರದ ಎಣ್ಣೆ ದಶಕಗಳ ಕಾಲ ಔಷಧದಂಗಡಿಯಲ್ಲಿ ಸಿಗುತ್ತಿತ್ತು. ಹರಳೆಣ್ಣೆ ಎಂದು ತಿಳಿದು ಜನ ಅದನ್ನೇ ಮಕ್ಕಳಿಗೆ ಕುಡಿಸಿಬಿಡುತ್ತಿದ್ದರು. ಒಂದು ಟೀ ಚಮಚದಲ್ಲಿ ಒಂದು ಗ್ರಾಂ ಕರ್ಪೂರ. ಪುಟ್ಟ ಮಗುವಿನ ಜೀವಕ್ಕೆ ಅಷ್ಟೇ ಎರವಾದ ಪ್ರಕರಣಗಳು ದಾಖಲಾಗಿವೆ. 1980ರ ದಶಕದ ಆರಂಭದಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಆ ಎಣ್ಣೆಯನ್ನೇ ಮಾರುಕಟ್ಟೆಯಿಂದ ತೆಗೆಸಿತು, ವೈದ್ಯರ ಚೀಟಿಯಿಲ್ಲದೆ ಮಾರುವ ಮುಲಾಮುಗಳಲ್ಲಿ ಕರ್ಪೂರ ಶೇ 11 ಮೀರಬಾರದೆಂದು ಕಟ್ಟುಮಾಡಿತು. ನಮ್ಮ ತಾಯಂದಿರು ಒಲೆಯ ಮುಂದೆ ನಿಂತು ಅಳತೆಯಿಲ್ಲದೆ ಅದೇ ಎಣ್ಣೆಯನ್ನು ಮತ್ತೆ ತಯಾರಿಸುತ್ತಿರಬಹುದು.

ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಎಣ್ಣೆಯೂ ಬೇಡ, ಮುಲಾಮೂ ಬೇಡ. ಮೂಗಿನ ಕೆಳಗಂತೂ ಯಾವ ಮಗುವಿಗೂ ಹಚ್ಚಬಾರದು. ಹಾಗೆ ಹಚ್ಚಿದ ಮೇಲೆ ಉಸಿರಾಟಕ್ಕೇ ತೊಂದರೆಯಾದ ಹದಿನೆಂಟು ತಿಂಗಳ ಮಗುವಿನ ಪ್ರಕರಣ 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಎರಡು ದಾಟಿದವರಿಗೆ ಎದೆ, ಬೆನ್ನಿಗೆ ತೆಳುವಾಗಿ, ಗಾಯವಿಲ್ಲದ ಚರ್ಮಕ್ಕೆ ಮಾತ್ರ. ಹಾಲೂಡಿಸುವ ತಾಯಿ ತನ್ನ ಎದೆಗೆ ಹಚ್ಚಿಕೊಳ್ಳುವುದು ಬೇಡ. ಬಸುರಿಯರು ವೈದ್ಯರನ್ನು ಕೇಳದೆ ಬಳಸುವುದು ಬೇಡ.

ಕೊರಳಿನ ಗಂಟು

ಓಮ, ಲವಂಗ, ಕರ್ಪೂರದ ಗಂಟನ್ನು ಮೂಸಿದರೆ ರಕ್ತದ ಆಮ್ಲಜನಕ ಏರುತ್ತದೆ ಎಂಬ ಸಂದೇಶ 2021ರ ಕೋವಿಡ್ ಎರಡನೇ ಅಲೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಿತ್ತು. ಏರುವುದಿಲ್ಲ. ಮೂಗು ತೆರೆದ ಹಾಗೆ ಅನ್ನಿಸುತ್ತದೆ, ಅಷ್ಟೇ. ತಂಪನ್ನು ಗ್ರಹಿಸುವ ನರಗಳನ್ನು ಕೆಣಕಿದ ಪರಿಣಾಮ ಅದು. ದೊಡ್ಡವರು ಮೂಸಿಕೊಳ್ಳಲಿ, ಆದರೆ ಹಸಿಗೂಸಿನ ಕೊರಳಿಗೆ ಆ ಗಂಟನ್ನು ಕಟ್ಟಬೇಡಿ. ಮಗುವಿನ ಕೈಗೆ ಸಿಕ್ಕದ್ದು ಬಾಯಿಗೆ ಹೋಗುತ್ತದೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಕರ್ಪೂರದಿಂದ ಫಿಟ್ಸ್ ಬಂದ ಮೂವರು ಮಕ್ಕಳ ಬಗ್ಗೆ ವೈದ್ಯರು 2009ರಲ್ಲಿ ಬರೆದರು. ಆ ಮನೆಗಳಲ್ಲೂ ಅದು ಹುಳಹುಪ್ಪಟೆಗೆಂದೋ ನೆಗಡಿಗೆಂದೋ ತಂದಿಟ್ಟ, ಪೊಟ್ಟಣದ ಮೇಲೆ ವಿವರವಿಲ್ಲದ ಕರ್ಪೂರವೇ ಆಗಿತ್ತು.

ನುಂಗಿಬಿಟ್ಟರೆ

ಲಕ್ಷಣಗಳು ಐದೇ ನಿಮಿಷದಲ್ಲಿ ಶುರುವಾಗಬಹುದು, ಒಂದೂವರೆ ಗಂಟೆ ಹಿಡಿಯಲೂಬಹುದು: ಬಾಯಿಯಲ್ಲಿ ಕರ್ಪೂರದ ವಾಸನೆ, ವಾಂತಿ, ಹೊಟ್ಟೆಯುರಿ, ತಳಮಳ, ಆಮೇಲೆ ಇದ್ದಕ್ಕಿದ್ದಂತೆ ಫಿಟ್ಸ್. ಆದ್ದರಿಂದ ‘ಮಗು ಆಡಿಕೊಂಡಿದೆಯಲ್ಲ’ ಎಂದು ಕಾಯುತ್ತ ಕೂರಬೇಡಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಆ ಹೊತ್ತಿಗೇ ಫಿಟ್ಸ್ ಬಂದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ತುಪ್ಪ, ಎಣ್ಣೆಯೂ ಬೇಡ, ಕರ್ಪೂರ ಕೊಬ್ಬಿನಲ್ಲಿ ಕರಗಿ ಬೇಗ ರಕ್ತಕ್ಕೆ ಸೇರುತ್ತದೆ. ಬಾಯಲ್ಲಿ ಉಳಿದ ಚೂರನ್ನು ತೆಗೆದು, 108ಕ್ಕೆ ಕರೆ ಮಾಡಿ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ದಾರಿಯಲ್ಲೇ ಕೇಳಬಹುದು.

ಹೊರಡುವಾಗ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಎಷ್ಟು ನುಂಗಿದೆ ಎಂದು ಮಗು ಹೇಳಲಾರದು. ಉಳಿದ ಬಿಲ್ಲೆಗಳನ್ನು ಎಣಿಸಿದರೆ ವೈದ್ಯರು ಹೇಳಬಲ್ಲರು.